ಕೆಟ್ಟಿರುವುದು ಯಾವ ಇಲಿಯ ಜೀನ್?

ನಮಸ್ಕಾರ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಮಿದುಳಿಗೆ ಹೊಕ್ಕರೂ ಕೆಲವು ಇಲಿಗಳು ಸಾಯದಿರುವುದೇಕೆ ಎಂಬ ನಿಮ್ಮ ಲೇಖನ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಬರಲೇಬೇಕು. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾಗದು.

ಬದುಕುಳಿದ ಇಲಿಗಳಿಗೆ “ಅಪರೂಪದ ವಿಶೇಷ ಜೀನ್” ಇದೆ ಎಂದಿದ್ದೀರಿ. ಕಥೆ ತಿರುಗುಮುರುಗಾಗಿದೆ. ಓಎಎಸ್1ಬಿ ಎಂಬ ಆ ಜೀನ್ ಪ್ರಯೋಗಾಲಯದ ಹೊರಗೆ ಸಹಜವಾಗಿ ಬದುಕುವ ಇಲಿಗಳಲ್ಲಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಸಿ57 ಬ್ಲ್ಯಾಕ್ 6, ಬಾಲ್ಬ್ ಸಿ ಮುಂತಾದ ಪ್ರಯೋಗಾಲಯದ ತಳಿಗಳಲ್ಲಿ. ಆ ಜೀನ್‌ನ ಡಿಎನ್‌ಎ ಅಕ್ಷರಗಳ ಸಾಲಿನ 820ನೇ ಸ್ಥಾನದಲ್ಲಿ ‘ಸಿ’ ಇರಬೇಕಾದ ಕಡೆ ‘ಟಿ’ ಬಂದು ಕೂತಿದೆ. ಅಲ್ಲಿಗೆ ‘ನಿಲ್ಲು’ ಎಂಬ ಸಂಕೇತವಾಗಿ, ಪ್ರೋಟೀನಿನ ಕೊನೆಯ ಶೇ. 30ರಷ್ಟು ತಯಾರಾಗುವುದೇ ಇಲ್ಲ. 2002ರಲ್ಲಿ ಎರಡು ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು. ಒಂದೇ ಒಂದು ಅಕ್ಷರ! ಲೇಖನವನ್ನು ಇಲ್ಲಿಂದಲೇ ಶುರುಮಾಡಿ.

“ಸೋಂಕು ತಗಲುವುದೇ ಇಲ್ಲ” ಎಂಬ ಮಾತೂ ತಪ್ಪು. ತಗಲುತ್ತದೆ; ಆದರೆ ವೈರಸ್ ಬೆಳೆಯುವುದು ತೀರಾ ಕಡಿಮೆ, ಹರಡುವುದು ನಿಧಾನ. ಉಗ್ರ ವೈರಸ್ಸನ್ನು ಹೆಚ್ಚು ಪ್ರಮಾಣದಲ್ಲಿ ನೇರ ಮಿದುಳಿಗೇ ಚುಚ್ಚಿದರೆ ತಡೆಯುಳ್ಳ, ಅಂದರೆ ಈ ಜೀನ್ ಸರಿಯಿರುವ ಇಲಿಯೂ ಸಾಯಬಹುದು. ಹಾಗಾಗಿ ಯಾವ ವೈರಸ್, ಎಷ್ಟು, ಎಲ್ಲಿಗೆ ಚುಚ್ಚಿದರು ಎಂಬುದಿಲ್ಲದೆ “ಬದುಕಿತು” ಎಂದು ಬರೆಯಬೇಡಿ.

“ಗುಣ ಮರಿಗಳಿಗೂ ಹರಿಯಿತು” ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೆಕ್ಕ ತೋರಿಸಿ. ತಡೆಯುಳ್ಳ ಶುದ್ಧ ತಳಿಗೂ ತಡೆಯಿಲ್ಲದ್ದಕ್ಕೂ ಹುಟ್ಟಿದ ಮರಿಗಳೆಲ್ಲ ತಡೆದುಕೊಳ್ಳುತ್ತವೆ. ಆ ಮರಿಗಳನ್ನು ಮತ್ತೆ ತಡೆಯಿಲ್ಲದ ತಳಿಯೊಂದಿಗೆ ಕೂಡಿಸಿದರೆ ಹೆಚ್ಚುಕಡಿಮೆ ಅರ್ಧ. ಇದು ಒಂದೇ ಪ್ರಬಲ ಜೀನ್, ಅದರ ಒಂದು ಪ್ರತಿ ಇದ್ದರೂ ಸಾಕು ಎಂಬುದು ಓದುಗರಿಗೆ ತಾನಾಗಿ ಹೊಳೆಯುತ್ತದೆ. ಹೀಗೆ ಹತ್ತು ತಲೆಮಾರು ಕೂಡಿಸಿದರೂ 5ನೇ ವರ್ಣತಂತುವಿನಲ್ಲಿ ಜೀನ್‌ನ ಆಚೀಚೆಯ ತುಂಡು ಅದರ ಜೊತೆಗೇ ಬರುತ್ತದೆ, ತಡೆ ಯಾವುದರದ್ದು ಎಂಬ ಅನುಮಾನ ನೆರೆಯ ಜೀನ್‌ಗಳ ಮೇಲೂ ಉಳಿಯುತ್ತದೆ. ಅದು ಬಗೆಹರಿದದ್ದು 2007ರಲ್ಲಿ, ತಡೆಯಿಲ್ಲದ ಇಲಿಗೆ ಸರಿಯಾದ ಓಎಎಸ್1ಬಿ ಕೂರಿಸಿದಾಗ. ಇದನ್ನು ಬಿಟ್ಟೇಬಿಟ್ಟಿದ್ದೀರಿ.

ಆರ್‌ಎನ್‌ಏಸ್ ಎಲ್ ಎಂಬ ಕಿಣ್ವ ವೈರಸ್ಸಿನ ಆರ್‌ಎನ್‌ಎಯನ್ನು ಕತ್ತರಿಸುತ್ತದೆ ಎಂಬ ಪ್ಯಾರಾ ತೆಗೆಯಿರಿ. ಅದು ಓಎಎಸ್ ಕುಟುಂಬದ ಇತರ ಪ್ರೋಟೀನುಗಳ ದಾರಿ. ಅದಕ್ಕೆ ಬೇಕಾದ ಕಿಣ್ವಶಕ್ತಿ ಓಎಎಸ್1ಬಿಗೆ ಇಲ್ಲ. ಫ್ಲೂ ಮಾತೂ ಬೇಡ. ಅದನ್ನು ತಡೆಯುವ ಎಂಎಕ್ಸ್1 ಬೇರೆಯೇ ಜೀನ್. ಓಎಎಸ್1ಬಿ ತಡೆಯುವುದು ವೆಸ್ಟ್ ನೈಲ್ ಸೇರಿರುವ ಫ್ಲೇವಿವೈರಸ್ ಗುಂಪನ್ನು.

ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಫ್ಲೇವಿ ಗುಂಪಿನದೇ. ಶಿವಮೊಗ್ಗ ಕಡೆಯ ಓದುಗರಿಗಾಗಿ ಆ ಒಂದು ಸಾಲು ಸೇರಿಸಿ. ಅಲ್ಲಿಂದ ಮನುಷ್ಯರ ಔಷಧಿಗೆ ಮಾತ್ರ ಹಾರಬೇಡಿ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.