ಗುಡ್ಡ ಹತ್ತುವಾಗ ಮಾತ್ರ ಬರುವ ಗ್ಯಾಸ್

ಪ್ರಶ್ನೆ: ಡಾಕ್ಟ್ರೇ, ನನಗೆ 53 ವರ್ಷ. ಮುಟ್ಟು ನಿಂತಿದೆ. ಶುಗರ್‌ಗೆ ಮಾತ್ರೆ ತಗೊಳ್ಳುತ್ತೇನೆ. ತೋಟದಿಂದ ಮನೆಗೆ ಏರು ಹತ್ತುವಾಗ ಈಚೆಗೆ ಎದೆ ಬಿಗಿದ ಹಾಗೆ, ದವಡೆ ಸೆಳೆದ ಹಾಗೆ ಆಗುತ್ತದೆ. ಹುಲ್ಲಿನ ಹೊರೆ ಇಳಿಸಿ ಸ್ವಲ್ಪ ನಿಂತರೆ ಸರಿಹೋಗುತ್ತದೆ. ಮನೆಯವರು ಗ್ಯಾಸ್ ಅನ್ನುತ್ತಾರೆ. ಓಮದ ಕಷಾಯ ಕುಡಿಯುತ್ತಿದ್ದೇನೆ. ದಿನವಿಡೀ ಮೈಮುರಿದು ದುಡಿಯುವವರಿಗೆ ಹಾರ್ಟ್ ತೊಂದರೆ ಬರುವುದಿಲ್ಲ ಅಲ್ವಾ?
— ಓದುಗರು, ಶಿರಸಿ ತಾಲೂಕು

ಉತ್ತರ: ಬರುತ್ತದೆ. ಪತ್ರದಲ್ಲಿ ನಂಬರ್ ಇತ್ತು. ಹಾಗಾಗಿ ಸಂಚಿಕೆ ಬರುವವರೆಗೆ ಕಾಯದೆ ನಿಮಗೆ ಫೋನ್ ಮಾಡಿ, ನಾಳೆಯೇ ಆಸ್ಪತ್ರೆಗೆ ಹೋಗಿ ಅಂದಿದ್ದೆ. ಇಲ್ಲಿ ಬರೆಯುತ್ತಿರುವುದು ಇದೇ ಕಷಾಯ ಕುಡಿಯುತ್ತಿರುವ ಉಳಿದವರಿಗೆ.

ಗ್ಯಾಸ್‌ಗೆ ಏರು ಯಾವುದು, ಜಗಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಹತ್ತುವಾಗ ಬಂದು, ನಿಂತರೆ ಹೋಗುವ ಬಿಗಿತವನ್ನು ಹೃದಯದ್ದೇ ಅಂತ ಮೊದಲು ಅನುಮಾನಿಸಬೇಕು. ರಕ್ತನಾಳ ಕಿರಿದಾಗಿದ್ದರೆ, ಕೂತಾಗ ಸಾಕಾಗುವ ರಕ್ತ ಹೊರೆ ಹೊತ್ತಾಗ ಸಾಲುವುದಿಲ್ಲ. ಹೆಂಗಸರಲ್ಲೂ ಎದೆನೋವೇ ಮುಖ್ಯ ಲಕ್ಷಣ. ಆದರೆ ಅದರ ಜೊತೆ ದವಡೆ, ಬೆನ್ನು, ವಾಕರಿಕೆ, ಏದುಸಿರು, ಎಂದೂ ಇಲ್ಲದ ಸುಸ್ತು ಇವೆಲ್ಲ ಗಂಡಸರಿಗಿಂತ ಜಾಸ್ತಿ. ಕೆಲವರಿಗೆ ಎದೆನೋವು ಇರುವುದೇ ಇಲ್ಲ. ಮುಟ್ಟು ಇರುವಷ್ಟು ವರ್ಷ ನಮಗಿದ್ದ ರಕ್ಷಣೆ ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಶುಗರ್ ಇದ್ದರೆ ಅದು ಇನ್ನೂ ಬೇಗ ಹೋಗುತ್ತದೆ.

ನನ್ನ ಕ್ಲಿನಿಕ್‌ಗೆ ಬರುವ ಹೆಂಗಸರು ಮಂಡಿನೋವು, ನಿದ್ದೆ, ಮೊಮ್ಮಗನ ಕೆಮ್ಮು ಎಲ್ಲ ಹೇಳಿ ಮುಗಿಸಿ, ಹೊರಗೆ ಚಪ್ಪಲಿ ಮೆಟ್ಟುವಾಗ ಎದೆಯ ಸುದ್ದಿ ತೆಗೆಯುತ್ತಾರೆ. ದಯವಿಟ್ಟು ಅದನ್ನೇ ಮೊದಲು ಹೇಳಿ. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಬರಬೇಡಿ. ಹತ್ತುವಾಗ ಬರುತ್ತದೆ, ನಿಂತರೆ ಹೋಗುತ್ತದೆ ಅಂತ ಹೇಳಿದರೆ ಎಕೋ (ಹೃದಯದ ಸ್ಕ್ಯಾನಿಂಗ್), ಟಿಎಂಟಿ (ಯಂತ್ರದ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ) ಅಥವಾ ಬೇರೆ ಯಾವ ಪರೀಕ್ಷೆ ಬೇಕು ಅಂತ ಡಾಕ್ಟರ್ ನೋಡುತ್ತಾರೆ. ಅಲ್ಲಿಯವರೆಗೆ ಹೊರೆ ಬೇರೆಯವರು ಹೊರಲಿ.

ಇನ್ನು ಕೂತಾಗಲೂ ಬಿಗಿತ ಬಂದು ಬಿಡದಿದ್ದರೆ, ತಣ್ಣನೆ ಬೆವರು, ವಾಂತಿ ಆದರೆ, 108ಕ್ಕೆ ಫೋನ್ ಮಾಡಿ. ಬೈಕಿನ ಹಿಂದೆ ಕೂತು ಹೋಗಬೇಡಿ. ನಮ್ಮ ಜಿಲ್ಲೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿ.ಮೀ. ಆದ್ದರಿಂದ ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ಹೃದಯಾಘಾತ ಅಂತ ಇಸಿಜಿಯಲ್ಲಿ ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇದೆ. ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲಿ ಅದು ಉಚಿತ. 12 ಗಂಟೆಯೊಳಗೆ ಕೊಡಬಹುದು ನಿಜ, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಸಿಗುವ ಲಾಭವೇ ಬೇರೆ.

ದುಡಿಮೆಯ ಮಾತಿಗೆ ಬಂದರೆ, ಸೊಪ್ಪು ತರುವುದು, ಕೊಟ್ಟಿಗೆ ತೊಳೆಯುವುದು ಒಳ್ಳೆಯ ವ್ಯಾಯಾಮವೇ. ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುವುದು ವ್ಯಾಯಾಮ ಅಲ್ಲ. ದರಕು, ಅಂದರೆ ಒಣಗಿದ ಎಲೆ, ತುಂಬಿ ಉರಿಸುವ ಬಚ್ಚಲ ಒಲೆಯ ಹೊಗೆ ಹೃದಯಕ್ಕೂ ಕೇಡು. ಕವಳಕ್ಕೆ (ಎಲೆ ಅಡಿಕೆಗೆ) ತಂಬಾಕು ಹಾಕುತ್ತೀರೋ ಇಲ್ಲವೋ ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ! ಹಾಕುತ್ತಿದ್ದರೆ ಇವತ್ತೇ ಬಿಡಿ.

ಪ್ರಶ್ನೆ: ಮೇಡಂ, ವಯಸ್ಸು 36, ಬ್ಯಾಂಕ್ ಕೆಲಸ. ಸಂಜೆ ಗೆಳತಿಯರ ಜೊತೆ ಟಾಗೋರ್ ಬೀಚಿನಲ್ಲಿ ವಾಕಿಂಗ್. ವಾಚಿನಲ್ಲಿ 10,000 ಹೆಜ್ಜೆ ಆಗುವುದೇ ಇಲ್ಲ. ಬಸುರಿಯಾಗಿದ್ದಾಗ ಬಿಪಿ ಏರಿತ್ತು, ಈಗ ಏನೂ ಇಲ್ಲ.
— ಓದುಗರು, ಕಾರವಾರ

ಉತ್ತರ: ಹೆಜ್ಜೆಯ ಚಿಂತೆ ಬಿಡಿ. ಆ 10,000 ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ, ಆಸ್ಪತ್ರೆಯಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಗುಂಪಿನಲ್ಲಿ ಹರಟುತ್ತಾ ಹೋದರೆ ಆ ವೇಗ ಬರುವುದು ಕಷ್ಟ, ನಾನೂ ಅದೇ ಬೀಚಿನಲ್ಲಿ ನಡೆದವಳು. ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದರಿಂದ ಶುರು ಮಾಡಿ.

ನನಗೆ ಮುಖ್ಯವಾಗಿ ಕಂಡದ್ದು ನಿಮ್ಮ ಕೊನೆಯ ಸಾಲು. ಬಸುರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿದ್ದರೆ, ಅಂದರೆ ಪ್ರೀಎಕ್ಲಾಂಪ್ಸಿಯಾ ಆಗಿದ್ದರೆ, ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಹೆರಿಗೆಯ ಹಳೆ ಫೈಲು ಹುಡುಕಿ ತೆಗೆಯಿರಿ. ವರ್ಷಕ್ಕೊಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಆ ಫೈಲನ್ನೂ ಜೊತೆಗೆ ಒಯ್ಯಿರಿ.

ಪ್ರಶ್ನೆ: ಅತ್ತೆಯ ಬಿಪಿ ಸರಿಯಾಯಿತು ಅಂತ ಮಾತ್ರೆ ನಿಲ್ಲಿಸಿದ್ದಾರೆ. ಒಣಮೀನು ಇಲ್ಲದೆ ಗಂಜಿ ಇಳಿಯುವುದಿಲ್ಲ ಅನ್ನುತ್ತಾರೆ.
— ಓದುಗರು, ಹೊನ್ನಾವರ

ಉತ್ತರ: ಬಿಪಿ ಸರಿಯಾದದ್ದೇ ಮಾತ್ರೆಯಿಂದ. ನಿಲ್ಲಿಸಿದರೆ ಮತ್ತೆ ಏರುತ್ತದೆ, ಏರಿದ್ದು ಗೊತ್ತೂ ಆಗುವುದಿಲ್ಲ. ಈ ವಾರವೇ ಬಿಪಿ ನೋಡಿಸಿ, ಡಾಕ್ಟರನ್ನು ಕೇಳಿ ಶುರು ಮಾಡಿಸಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ದಾಟಬಾರದು, ಒಂದು ಟೀ ಚಮಚಕ್ಕೂ ಕಡಿಮೆ. ಒಣಮೀನು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಒಂದು ಚೂರು ಅಪರೂಪಕ್ಕೆ ಕೊಡಿ. ಅದು ಇದ್ದ ದಿನ ಉಪ್ಪಿನಕಾಯಿ ಬೇಡ. ಉಳಿದ ದಿನ ಗಂಜಿಗೆ ಒಂದೆಲಗದ ತಂಬುಳಿ ಮಾಡಿ ನೋಡಿ, ಉಪ್ಪು ಮಾತ್ರ ನೀವೇ ಹಾಕಿ.