ಸೋಮವಾರ ಯಾರಿರುತ್ತಾರೆ?

(ಆಪ್ತಸಲಹೆ ಪ್ರಕರಣ. ಹೆಸರು, ವಯಸ್ಸು, ಊರು, ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಮಹೇಶ ಎಂದು ಕರೆಯೋಣ. ವಯಸ್ಸು 36. ಸಕಲೇಶಪುರದ ಕಡೆ ಹನ್ನೆರಡು ಎಕರೆ ರೋಬಸ್ಟಾ ತೋಟ. ಹಾಸನದ ನನ್ನ ಕೋಣೆಗೆ ಬಂದವರು ಬಾಗಿಲಿಗೆ ಬೆನ್ನು ಮಾಡಿ ಕೂರಲಿಲ್ಲ. ಕುರ್ಚಿಯನ್ನು ತಾವೇ ಎಳೆದು ಗೋಡೆಗೆ ತಾಗಿಸಿಕೊಂಡರು.

"ಮೇಡಂ, ನಾನೊಂದು ಮಾಡಬಾರದ ಕೆಲಸ ಮಾಡಿ ಬಂದಿದೀನಿ. ಯಾರಿಗಾದ್ರೂ ಹೇಳ್ತೀರಾ?"

ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದ್ದರೆ ಮಾತ್ರ ಹೇಳಬೇಕಾಗುತ್ತೆ, ಇಲ್ಲದಿದ್ದರೆ ಇಲ್ಲ ಎಂದೆ. ಆಮೇಲೆ ಮಾತು ಶುರುವಾಯಿತು.

ಎರಡು ವರ್ಷದ ಹಿಂದಿನ ಮಾತು. ಕೊಯ್ಲಿನ ಕಾಲ, ಬೆಳಗ್ಗೆ ಆರು ಗಂಟೆ, ದಟ್ಟ ಮಂಜು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಮುಂದೆ, ಇವರು ಹತ್ತು ಹೆಜ್ಜೆ ಹಿಂದೆ. ರೈಟರ್ ಸಂಬಂಧಿಕರೇನಲ್ಲ, ಆದರೂ ಚಿಕ್ಕಂದಿನಿಂದ ಇವರ ಬಾಯಲ್ಲಿ ಅವರು 'ಮಾವ'. ಆನೆಯನ್ನು ಮೊದಲು ಕಂಡದ್ದು ಮಹೇಶ. ಸಿಲ್ವರ್ ಮರದ ಹಿಂದೆ ನಿಂತುಬಿಟ್ಟರು. "ಬಾಯಿ ತೆರೆದಿತ್ತು ಮೇಡಂ. ಸ್ವರ ಬರಲಿಲ್ಲ." ಮಾವ ಉಳಿಯಲಿಲ್ಲ.

ಅಂದಿನಿಂದ ಗಂಟಲಲ್ಲಿ ಗೋಲಿ ಸಿಕ್ಕಿಕೊಂಡ ಹಾಗೆ. ಬಿಸಿಲೇರುವ ಮುಂಚೆ ತೋಟಕ್ಕೆ ಕಾಲಿಡಲು ಆಗದು. ಮನೆಯವರೆಲ್ಲ "ನೀನು ಉಳಿದ್ಯಲ್ಲ, ದೇವರು ದೊಡ್ಡೋನು" ಎಂದರು. ಆ ಮಾತು ಕೇಳಿದಷ್ಟೂ ಅವರಿಗೆ ನಾಚಿಕೆ ಜಾಸ್ತಿಯಾಯಿತು. ಮನೋವೈದ್ಯರು ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆ-ಆತಂಕದ ಮಾತ್ರೆ ಕೊಟ್ಟರು. ನಿದ್ದೆ ಬಂತು. ಗಂಟಲು ಬಿಡಲಿಲ್ಲ.

ಆಗ ಹಳೇ ಗೆಳೆಯರೊಬ್ಬರು ಒಂದು ಶಿಬಿರದ ವಿಷಯ ಹೇಳಿದರು. ಚಿಕ್ಕಮಗಳೂರಿನ ಬೆಟ್ಟದ ಕಡೆ ಒಂದು ಹೋಂಸ್ಟೇ, ಎರಡು ದಿನ, ಮೂವತ್ತು ಸಾವಿರ ರೂಪಾಯಿ. ಜೇನಿನಲ್ಲಿ ಕಲಸಿದ, ಅಮಲೇರಿಸುವ ಅಣಬೆಯ ಪುಡಿ, ಜೋರು ಉಸಿರಾಟ, ಮತ್ತೆ 'ಮೈಯಲ್ಲಿ ಕಟ್ಟಿಕೊಂಡ ನೋವನ್ನು ಬಿಡಿಸುವ' ಕೈಕೆಲಸ. ಹನ್ನೊಂದು ಜನಕ್ಕೆ ಇಬ್ಬರು ಮಾರ್ಗದರ್ಶಕರು. ಇಬ್ಬರೂ ವೈದ್ಯರಲ್ಲ. ವಾರ ಮುಂಚೆ ಮಾತ್ರೆ ನಿಲ್ಲಿಸಿ ಬನ್ನಿ ಎಂದಿದ್ದರು. ಇವರು ನಿಲ್ಲಿಸಿದರು, ವೈದ್ಯರಿಗೆ ಹೇಳದೆ.

ಅಲ್ಲಿ ಏನಾಯಿತು ಎಂಬುದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. "ಮಾವ ಕಂಡ್ರು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆ. ಅದು ಸುಳ್ಳಲ್ಲ ಮೇಡಂ." ಆಮೇಲೆ ಮೈ ನಡುಗತೊಡಗಿತು. ಮಾರ್ಗದರ್ಶಕರೊಬ್ಬರು ಎದೆ ಮೇಲೊಂದು, ಗಂಟಲ ಮೇಲೊಂದು ಕೈಯಿಟ್ಟು ಒತ್ತಿ "ಬಿಡಿ, ಹೊರಗೆ ಬಿಡಿ" ಎಂದರು. ಬೇಡ ಎನ್ನಬೇಕು ಅನ್ನಿಸಿತು. ಸ್ವರ ಬರಲಿಲ್ಲ.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮಂಜಿನ ಆ ಬೆಳಗ್ಗೆ ಆದದ್ದೇ ಮತ್ತೊಮ್ಮೆ ಆಗಿತ್ತು. ಈ ಸಲ ಆನೆ ಇರಲಿಲ್ಲ, ಅಷ್ಟೇ.

ಭಾನುವಾರ ಊಟ ಆಯಿತು, ಗ್ರೂಪ್ ಫೋಟೋ ಆಯಿತು, ಇವರೇ ಕಾರು ಓಡಿಸಿಕೊಂಡು ಘಾಟಿ ಇಳಿದರು. ಸೋಮವಾರ ಬೆಳಗ್ಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಮೈ ನಡುಕ. ಹೆಂಡತಿ ಫಿಟ್ಸ್ ಅಂದುಕೊಂಡು ಹೆದರಿದರು. ಶಿಬಿರದವರಿಗೆ ಫೋನ್ ಮಾಡಿದರೆ "ಅದು ಗುಣವಾಗ್ತಿರೋ ಲಕ್ಷಣ" ಎಂಬ ಉತ್ತರ.

ಗುಣದ ಲಕ್ಷಣವೋ ಅಲ್ಲವೋ ಎಂದು ಹೇಳಲು ನಾನು ವೈದ್ಯೆಯಲ್ಲ. ಅವತ್ತೇ ಅವರ ಮನೋವೈದ್ಯರ ಬಳಿಗೆ ಕಳಿಸಿದೆ. ಅಣಬೆಯ ವಿಷಯವನ್ನೂ ಮುಚ್ಚಿಡಬೇಡಿ, ಮಾತ್ರೆಯನ್ನು ನೀವೇ ಶುರು ಮಾಡಲೂ ಬೇಡಿ ಎಂದೆ. ವೈದ್ಯರು ಹೇಳಿದ್ದು: ತಲೆಯ ಕರೆಂಟು ಬಹುಪಾಲು ಮಾತ್ರೆಯನ್ನು ಥಟ್ಟನೆ ಬಿಟ್ಟಿದ್ದರಿಂದ. ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆ ನಿಲ್ಲಿಸಬೇಕಾದರೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಇನ್ನೊಂದು ವಿಷಯವೂ ಆಗಲೇ ಹೊರಬಂತು. ಮಹೇಶರ ಚಿಕ್ಕಪ್ಪ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರು. ಇಂಥ ಮದ್ದನ್ನು ಪರೀಕ್ಷಿಸುವ ಹೊರದೇಶದ ಪ್ರಯೋಗಗಳಲ್ಲಿ ಮನೆತನದಲ್ಲಿ ಅಂಥ ಕಾಯಿಲೆ ಇದೆಯಾ ಎಂದು ಮೊದಲೇ ವಿಚಾರಿಸುತ್ತಾರೆ, ಹತ್ತಿರದ ರಕ್ತಸಂಬಂಧದಲ್ಲಿ ಇದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಶಿಬಿರದಲ್ಲಿ ಕೇಳಿದ್ದು ಊಟ ವೆಜ್ಜಾ ನಾನ್‌ವೆಜ್ಜಾ ಅಂತ ಮಾತ್ರ.

"ಹಾಗಾದ್ರೆ ಇದೆಲ್ಲ ಬರೀ ಮೋಸವಾ?" ಎಂದು ಕೇಳಿದರು. ಅಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಮಾನಸಿಕ ಆಘಾತದ ಕಾಯಿಲೆಗೆ ಎಂಡಿಎಂಎ ಎಂಬ ಅಮಲಿನ ಮದ್ದು, ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಬರೆಯಬಹುದು. ಈ ಸೈಲೊಸೈಬಿನ್ನೇ ಆ ಅಣಬೆಯೊಳಗಿನ ರಾಸಾಯನಿಕ. ಅಮೆರಿಕದಲ್ಲಿ ಎಂಡಿಎಂಎ ಅರ್ಜಿಯನ್ನು 2024ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ, ಇನ್ನೂ ಪುರಾವೆ ಬೇಕು ಎಂದರು. ನಮ್ಮಲ್ಲಿ ಸೈಲೊಸೈಬಿನ್, ಎಂಡಿಎಂಎ, ಎಲ್‌ಎಸ್‌ಡಿ ಮೂರೂ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಕೆಟಮಿನ್ ಮಾತ್ರ ಅರಿವಳಿಕೆ ಔಷಧವಾಗಿ ಬಳಕೆಯಲ್ಲಿದೆ. ಹಟಮಾರಿ ಖಿನ್ನತೆಗೆ ಕೆಲವು ಮನೋವೈದ್ಯರು ಬಿಪಿ ನೋಡಿಕೊಳ್ಳುತ್ತಾ ಅದನ್ನು ಕೊಡುತ್ತಾರೆ. ಅದು ಬೇರೆ ದಾರಿ, ಇವರ ತೊಂದರೆ ಬೇರೆ.

ಎಂಡಿಎಂಎ ಪ್ರಯೋಗಗಳ ಕ್ರಮ ಕೇಳಿ ಮಹೇಶ ಬೆರಗಾದರು. ಔಷಧಿ ಕೊಡುವುದು ಎರಡು ಮೂರು ದಿನ ಮಾತ್ರ. ಒಂದೊಂದು ದಿನ ಆರರಿಂದ ಎಂಟು ಗಂಟೆ, ಒಬ್ಬರ ಪಕ್ಕದಲ್ಲಿ ಇಬ್ಬರು ಚಿಕಿತ್ಸಕರು. ಅದಕ್ಕೆ ಮುಂಚೆ ತಯಾರಿ, ಪ್ರತಿ ಸಲದ ನಂತರ ಕಂಡದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವ ಭೇಟಿಗಳು. ಮೈ ಮುಟ್ಟುವುದಿದ್ದರೆ ಮೊದಲೇ, ಎಚ್ಚರ ಪೂರ್ತಿ ಇರುವಾಗಲೇ ಒಪ್ಪಿಗೆ ಪಡೆಯಬೇಕು. ಯಾವ ಮಾತು ಹೇಳಿದರೆ ಕೈ ತೆಗೆಯಬೇಕು ಎಂಬುದೂ ತೀರ್ಮಾನ ಆಗಿರಬೇಕು. ಇಷ್ಟೆಲ್ಲ ಕಟ್ಟಳೆ ಇದ್ದೂ ಕೆನಡಾದ ಒಂದು ಪ್ರಯೋಗದಲ್ಲಿ ಚಿಕಿತ್ಸಕರು ಮಿತಿ ಮೀರಿದ್ದು ಹೊರಬಂದಿದೆ. ಮದ್ದಿನ ಅಮಲಿನಲ್ಲಿರುವ ಮೈ ಇನ್ನೊಬ್ಬರ ಕೈಗೆ ಎಷ್ಟು ಸುಲಭವಾಗಿ ಸಿಗುತ್ತೆ, ಅಲ್ವಾ?

ಮದ್ದನ್ನೂ ದೇಹದ ಕೆಲಸವನ್ನೂ ಸೇರಿಸಿದರೆ ಗುಣ ಹೆಚ್ಚು ಎನ್ನುವವರಿದ್ದಾರೆ. ಅವರ ವಾದದಲ್ಲಿ ಅರ್ಥವಿಲ್ಲದೆ ಇಲ್ಲ, ಆಘಾತ ಮಾತಿನಲ್ಲಷ್ಟೇ ಅಲ್ಲ ಮೈಯಲ್ಲೂ ಉಳಿಯುತ್ತದೆ. ಆದರೆ ಅದರಲ್ಲಿ ದೇಹದ ಕೆಲಸವನ್ನು ಮದ್ದಿಲ್ಲದೆಯೂ ಮಾಡಬಹುದು. ಮಹೇಶರಿಗೆ ನಾನು ಹೇಳಿದ್ದು ಇದನ್ನೇ. ಪುರಾವೆಯ ಲೆಕ್ಕದಲ್ಲಿ ಮೇಲಿರುವ ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತಾ ನೋವಿನ ನೆನಪನ್ನು ಹದಕ್ಕೆ ತರುವ ಚಿಕಿತ್ಸೆ) ಬಗ್ಗೆಯೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಅದನ್ನು ಶಿಫಾರಸು ಮಾಡಿದೆ. ಮಹೇಶ "ಮೊದಲು ಗಂಟಲು" ಎಂದರು. ಸರಿ.

ನಾನು ಅನುಸರಿಸಿದ್ದು ಪೀಟರ್ ಲೆವಿನ್ ಬೆಳೆಸಿದ, ಮೈಯ ಅನುಭವವನ್ನು ಗಮನಿಸುತ್ತಾ ಆಘಾತವನ್ನು ಸಡಿಲಿಸುವ ಸೊಮ್ಯಾಟಿಕ್ ಎಕ್ಸ್‌ಪೀರಿಯನ್ಸಿಂಗ್‌ಗೆ ಹತ್ತಿರದ ಕ್ರಮ. ಮೈಯಲ್ಲಿ ಎಲ್ಲಿ ಆರಾಮಿದೆ ಎಂದು ಕೇಳಿದೆ. "ಎಲ್ಲೂ ಇಲ್ಲ." ಬಹಳ ಹೊತ್ತಾದ ಮೇಲೆ, "ಹಿಮ್ಮಡಿ ಪರವಾಗಿಲ್ಲ." ಮೂರು ವಾರ ಹಿಮ್ಮಡಿಯಲ್ಲೇ ಕಳೆದೆವು! ಗಂಟಲಿನ ಬಿಗಿಯನ್ನು ಅರೆ ನಿಮಿಷ ಗಮನಿಸುವುದು, ಮತ್ತೆ ಹಿಮ್ಮಡಿಗೆ ಬರುವುದು, ಕಣ್ಣು ತೆರೆದು ಕಿಟಕಿ, ಬಾಗಿಲು, ಫ್ಯಾನು ನೋಡುವುದು. ನಾನು ಮುಟ್ಟುವುದಿಲ್ಲ. ಬೇಕಾದರೆ ಅವರದೇ ಕೈ, ಅವರದೇ ಗಂಟಲ ಮೇಲೆ.

ಆಮೇಲೆ 'ಸಾಕು' ಎಂಬ ಮಾತು. ನಾನು ಕುರ್ಚಿಯನ್ನು ಅವರತ್ತ ಸರಿಸುತ್ತಾ ಹೋಗುವುದು, ಅವರು ಸಾಕು ಎಂದಲ್ಲಿ ನಿಲ್ಲುವುದು. ಮೊದಲ ದಿನ ಅವರು ಬೆವತರೇ ಹೊರತು ಬಾಯಿ ಬಿಡಲಿಲ್ಲ. ನಾನೂ ಒಂದಿಷ್ಟು ಜಾಸ್ತಿಯೇ ಹತ್ತಿರ ಹೋದೆ. ಅದು ನನ್ನ ತಪ್ಪು, ಒಪ್ಪಿಕೊಂಡೆ. ಮುಂದಿನ ವಾರ ಮಾತಿನ ಬದಲು ಅಂಗೈ ಎತ್ತಿದರೂ ಆಗುತ್ತೆ ಎಂದು ನಿಯಮ ಸಡಿಲಿಸಿದೆ. ನಾಲ್ಕನೇ ವಾರ ಸ್ವರ ಬಂತು. ಮೆಲ್ಲಗೆ, ಒಡೆದ ಸ್ವರ.

ಅವತ್ತು ಅವರೇ ಹೇಳಿದರು: "ನಮ್ಮ ತೋಟದಲ್ಲಿ ಮುಟ್ಟಿದರೆ ಮುನಿ ಇದೆ ಮೇಡಂ. ಮುದುಡಿದ ಎಲೆನ ಕೈಯಲ್ಲಿ ಬಿಡಿಸೋಕೆ ಹೋದ್ರೆ ಹರಿದು ಹೋಗುತ್ತೆ. ಸುಮ್ನೆ ಬಿಟ್ರೆ ತಾನೇ ಅರಳುತ್ತೆ." ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ. ಕೂಗದೇ ಹೋದದ್ದು ಹೇಡಿತನ ಅಲ್ಲ, ದಿಗಿಲಿಗೆ ಮೈ ಮುದುಡಿದ್ದು ಎಂದು ನಾನು ಮೂರು ಸಲ ಹೇಳಿದ್ದಕ್ಕಿಂತ ಆ ಗಿಡವೇ ಚೆನ್ನಾಗಿ ಹೇಳಿತ್ತು.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಮಾತ್ರೆ ವೈದ್ಯರು ಹೇಳಿದಂತೆ. ಆ ಶಿಬಿರಕ್ಕೆ ಮತ್ತೆ ಬೇಡ. ರಾತ್ರಿ ತೀರಾ ಕಷ್ಟವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅವತ್ತು ಬಂದ ಅಳು ನಿಮ್ಮದೇ, ಅಣಬೆಯದ್ದಲ್ಲ. ಮಾವನ ಮನೆಗೆ ಹೋಗಿ ಅವರ ಹೆಂಡತಿಯ ಎದುರು ಕೂತು ಬನ್ನಿ, ಏನೂ ಹೇಳದಿದ್ದರೂ ಸರಿ. ಹೋಗಲು ಎರಡು ತಿಂಗಳು ತೆಗೆದುಕೊಂಡರು, ಆದರೆ ಹೋದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ.

"ಮುಂದೆ ನಮ್ಮ ದೇಶದಲ್ಲೂ ಕಾನೂನು ಪ್ರಕಾರ ಬಂದ್ರೆ?" ಎಂದು ಒಮ್ಮೆ ಕೇಳಿದರು. ಬಂದಾಗ ಮನೋವೈದ್ಯರನ್ನು ಒಟ್ಟಿಗೆ ಕೇಳೋಣ, ಆದರೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ ಎಂದೆ: ಸೋಮವಾರ ನನ್ನ ಜೊತೆ ಯಾರಿರುತ್ತಾರೆ?

ಏಳನೇ ತಿಂಗಳು. ಮಂಜಿನಲ್ಲಿ ತೋಟಕ್ಕೆ ಈಗಲೂ ಹೋಗುವುದಿಲ್ಲ. ನಾನು ಒತ್ತಾಯಿಸಿಲ್ಲ, ಆನೆಯಿರುವ ಊರಲ್ಲಿ ಆ ಹೊತ್ತು ಹೋಗದಿರುವುದೇ ಬುದ್ಧಿವಂತಿಕೆ. ಕಳೆದ ವಾರ ಬಿಸಿಲಲ್ಲಿ, ಹನ್ನೊಂದು ಗಂಟೆಗೆ, ಆ ಸಿಲ್ವರ್ ಮರದ ಹತ್ತಿರ ನಿಂತು ಗಟ್ಟಿಯಾಗಿ ಕೂ ಹಾಕಿದರಂತೆ. ನಾಯಿ ಬೊಗಳಿತು. ಕೂಲಿಯವರ ಲೈನ್ ಮನೆ ಕಡೆಯಿಂದ ಯಾರೋ "ಏನಣ್ಣಾ?" ಎಂದು ಕೂಗಿದರು.

"ಏನಿಲ್ಲ, ಸುಮ್ನೆ" ಎಂದು ಇವರೂ ಕೂಗಿ ಹೇಳಿದರಂತೆ.