ಡಾಕ್ಟರ್ ಕೊಟ್ಟ ಡ್ರಾಪ್ಸ್ ನೋಡಿ ಕಣ್ಣಿನ ಸೋಂಕಿಗೆ ಕೋಡ್ ಹಾಕಬಹುದಾ?

ನೀವು ಕೇಳಿದ್ದು ಇಷ್ಟು. ಮೆಡಿಕಲ್ ಕೋಡಿಂಗ್ ಕೆಲಸಕ್ಕೆ, ಅಂದರೆ ಡಾಕ್ಟರ್ ಬರೆದ ರೋಗಕ್ಕೆ ಐಸಿಡಿ-10-ಸಿಎಂ ಎಂಬ ಕೋಡ್ ಪುಸ್ತಕದ ಸಂಖ್ಯೆ ಹಾಕುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ, ಅಮೆರಿಕದ ಕಣ್ಣಿನ ಕ್ಲಿನಿಕ್‌ಗಳ ಚಾರ್ಟ್ ನೋಡುತ್ತಿದ್ದೀರಿ. ಒಂದರಲ್ಲಿ ಡಾಕ್ಟರ್ ಬರೀ 'ಅಕ್ಯೂಟ್ ಕಂಜಂಕ್ಟಿವೈಟಿಸ್, ಬಲಗಣ್ಣು' (ಕಣ್ಣಿನ ಬಿಳಿಭಾಗದ ಪೊರೆಯ ಉರಿಯೂತ) ಎಂದು ಬರೆದು ಮಾಕ್ಸಿಫ್ಲಾಕ್ಸಸಿನ್ ಡ್ರಾಪ್ಸ್ ಕೊಟ್ಟಿದ್ದರು. ಆಂಟಿಬಯಾಟಿಕ್ ಕೊಟ್ಟ ಮೇಲೆ ಬ್ಯಾಕ್ಟೀರಿಯಾನೇ ಇರಬೇಕು ಅಂತ ನೀವು ಕೀವಿನ ಕಂಜಂಕ್ಟಿವೈಟಿಸ್ ಕೋಡ್ ಎಚ್10.021 ಹಾಕಿದಿರಿ. ಆಡಿಟ್‌ನಲ್ಲಿ ತಪ್ಪು ಅಂತ ಬಂತು. ಯಾಕೆ?

ಆಡಿಟರ್ ಹೇಳಿದ್ದು ಸರಿ. ಅಲ್ಲಿ ಬರಬೇಕಿದ್ದದ್ದು ಎಚ್10.31, ಅಂದರೆ ಯಾವ ಬಗೆ ಅಂತ ಹೇಳದ ಅಕ್ಯೂಟ್ ಕಂಜಂಕ್ಟಿವೈಟಿಸ್, ಬಲಗಣ್ಣು. ಡಾಕ್ಟರ್ ಬರೆದ ಮಾತಿಗೆ ಕೋಡ್ ಹಾಕಬೇಕೇ ಹೊರತು ಅವರು ಕೊಟ್ಟ ಔಷಧಿಗಲ್ಲ. 2023ರ ಮಳೆಗಾಲದಲ್ಲಿ ಕರ್ನಾಟಕದಲ್ಲೆಲ್ಲ ಮದ್ರಾಸ್ ಐ ಹಬ್ಬಿತ್ತಲ್ಲ, ಆಗ ನಮ್ಮ ಮನೆಯಲ್ಲಿ ಮೂವರಿಗೆ ಬಂತು. ಡ್ರಾಪ್ಸ್ ಬರೆದುಕೊಟ್ಟ ಡಾಕ್ಟರೇ 'ಇದು ವೈರಸ್ಸಮ್ಮ, ಇದರ ಮೇಲೆ ಇನ್ನೊಂದು ಸೋಂಕು ಸೇರಬಾರದು ಅಂತ ಇದನ್ನ ಕೊಡ್ತಿದೀನಿ' ಅಂದರು. ಡ್ರಾಪ್ಸ್ ನೋಡಿ ಕೋಡ್ ಹಾಕುವವರು ಆ ಮೂರೂ ಚಾರ್ಟ್ ತಪ್ಪು ಮಾಡುತ್ತಿದ್ದರು.

ಹಾಗಂತ ಡಾಕ್ಟರ್ ಬರೆದ ಪದ ಕಂಡ ತಕ್ಷಣ ಬಾಯಿಪಾಠದ ಕೋಡ್ ಕೂಡ ಹಾಕಬೇಡಿ. ಪ್ರತಿ ಸಲವೂ ಕೋಡ್ ಪುಸ್ತಕದ ಇಂಡೆಕ್ಸ್ (ರೋಗದ ಹೆಸರುಗಳ ಅಕ್ಷರಕ್ರಮದ ಪಟ್ಟಿ) ತೆಗೆದು, ಆಮೇಲೆ ಟ್ಯಾಬ್ಯುಲರ್ (ಅಧ್ಯಾಯವಾರು ಕೋಡ್‌ಗಳ ಪಟ್ಟಿ) ನೋಡಿ. 'ಪಿಂಕ್ ಐ' ಅಂತ ಬರೆದಿದ್ದರೆ ಎಲ್ಲರೂ ಅದು ಸುಮ್ನೆ ಕಣ್ಣು ಕೆಂಪು ಅಂದುಕೊಳ್ಳುತ್ತಾರೆ, ಆದರೆ ಇಂಡೆಕ್ಸ್ ನಿಮ್ಮನ್ನು ನೇರ ಕೀವಿನ ಕಂಜಂಕ್ಟಿವೈಟಿಸ್‌ಗೆ, ಅಂದರೆ ಎಚ್10.02ರ ಕೆಳಗೆ ಕಳಿಸುತ್ತದೆ. 'ವೈರಲ್' ಅನ್ನೋ ಒಂದು ಪದ ಸೇರಿದರೆ ಅಧ್ಯಾಯವೇ ಬದಲಾಗಿ ಬಿ30ಕ್ಕೆ ಹೋಗುತ್ತೀರಿ. ಅಲ್ಲಿ ಬಲ-ಎಡ ಇಲ್ಲವೇ ಇಲ್ಲ, ಹೊಸಬರು ಅದನ್ನು ಹುಡುಕುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಕುರು ಆದರೆ ಉಲ್ಟಾ. ಬಲಗಣ್ಣು ಅಂದರೆ ಸಾಲದು, ಮೇಲಿನ ರೆಪ್ಪೆಯೋ ಕೆಳಗಿನದೋ ಅದೂ ಬೇಕು. ಮೇಲಿನದಾದರೆ ಎಚ್00.011, ಕೆಳಗಿನದಾದರೆ ಎಚ್00.012.

'ಸಸ್ಪೆಕ್ಟೆಡ್', 'ಪ್ರಾಬಬಲ್', 'ರೂಲ್ ಔಟ್' ಇವುಗಳಲ್ಲಿ ಯಾವುದೇ ಒಂದು ಔಟ್‌ಪೇಷಂಟ್ (ಅಡ್ಮಿಟ್ ಆಗದೆ ತೋರಿಸಿಕೊಂಡು ಹೋದವರ) ಚಾರ್ಟ್‌ನಲ್ಲಿ ಕಂಡರೆ ಕೈ ತಡೆಯಿರಿ. 'ಕಾರ್ನಿಯಲ್ ಅಲ್ಸರ್ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಹುಣ್ಣು), ಫಂಗಲ್ ಇರಬಹುದು' ಎಂದು ಬರೆದು ಕಾರ್ನಿಯಾ ಕೆರೆದು ಕಲ್ಚರ್‌ಗೆ ಕಳಿಸಿದ್ದಾರೆ ಅಂದುಕೊಳ್ಳಿ. ಅವತ್ತಿನ ಚಾರ್ಟ್‌ಗೆ ಫಂಗಲ್ ಅಲ್ಸರ್ ಕೋಡ್ ಎಚ್16.06 ಹಾಕುವ ಹಾಗಿಲ್ಲ, ಬರೀ ಅಲ್ಸರ್ ಅಷ್ಟೇ. ಕೆರೆದ ಪ್ರೊಸೀಜರ್‌ಗೆ 65430 ಅಂತ ಬೇರೆ ಕೋಡ್ ಇದೆ. ಕಲ್ಚರ್ ಬಂದು, ಡಾಕ್ಟರ್ ಅದನ್ನು ನೋಡಿ ಮುಂದಿನ ವಿಸಿಟ್‌ನಲ್ಲಿ 'ಫಂಗಲ್' ಎಂದು ತಾವೇ ಬರೆದರೆ ಆಗ ಹಾಕಿ. ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ ನಿಯಮ ಬೇರೆ. ಡಿಸ್ಚಾರ್ಜ್ ಹೊತ್ತಿಗೂ 'ಪ್ರಾಬಬಲ್' ಅಂತಲೇ ಉಳಿದಿದ್ದರೆ ಅದನ್ನು ಇದೆ ಅಂತಲೇ ಕೋಡ್ ಮಾಡುತ್ತೇವೆ. ಇವೆರಡನ್ನು ಕಲಸಿಕೊಂಡು ಎಡವುವವರೇ ಜಾಸ್ತಿ.

ರೆಪ್ಪೆ ಸುತ್ತ ಊದಿಕೊಂಡ ಮಕ್ಕಳ ಚಾರ್ಟ್ ಬಂದಾಗ ಇನ್ನೂ ಹುಷಾರಾಗಿರಿ. 'ಪ್ರೀಸೆಪ್ಟಲ್ ಸೆಲ್ಯುಲೈಟಿಸ್' ಅಂದರೆ ಸೋಂಕು ರೆಪ್ಪೆಯ ಕಡೆಯೇ ನಿಂತಿದೆ, ಅದು ಚರ್ಮದ ಅಧ್ಯಾಯದ ಎಲ್03.213. 'ಆರ್ಬಿಟಲ್ ಸೆಲ್ಯುಲೈಟಿಸ್' ಅಂದರೆ ಕಣ್ಣಿನ ಗುಳಿಯೊಳಗೆ ಇಳಿದಿದೆ, ದೃಷ್ಟಿಗೇ ಅಪಾಯ, ಅದು ಎಚ್05.01. ಎರಡಕ್ಕೂ ಅಜಗಜಾಂತರ. ಡಾಕ್ಟರ್ ಬರೀ 'ಸೆಲ್ಯುಲೈಟಿಸ್, ಕಣ್ಣಿನ ಹತ್ತಿರ' ಅಂತ ಬಿಟ್ಟಿದ್ದರೆ ನೀವೇ ಒಂದನ್ನು ಆರಿಸಬೇಡಿ, ಕೇಳಿ.

ಕೇಳದೇ ಹೋಗಿ ಅನುಭವಿಸಿದವಳು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸೇರಿದ ಮೊದಲ ವರ್ಷ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ಮಲಗಿದ್ದ ಒಬ್ಬರ ಚಾರ್ಟ್. ಮೂರು ದಿನದಿಂದ ಬಲಗಣ್ಣು ನೋವು ಅಂತ ಮೇಲೆ ಇತ್ತು. ಎಕ್ಸಾಮ್‌ನಲ್ಲಿ ಓಡಿ ಕಾಲಂ, ಅಂದರೆ ಬಲಗಣ್ಣಿನ ಕಾಲಂನಲ್ಲಿ, ಕಾರ್ನಿಯಾ ನಡುವೆ 2 ಮಿಲಿಮೀಟರ್ ಬಿಳಿ ಮಚ್ಚೆ. ಎಡಗಣ್ಣು ಕ್ಲಿಯರ್. ಕೊನೆಗೆ ಅಸೆಸ್‌ಮೆಂಟ್‌ನಲ್ಲಿ, ಅಂದರೆ ಡಾಕ್ಟರ್ ತಮ್ಮ ತೀರ್ಮಾನ ಬರೆಯುವ ಕಡೆ, ಮಾತ್ರ 'ಸೆಂಟ್ರಲ್ ಕಾರ್ನಿಯಲ್ ಅಲ್ಸರ್, ಓಎಸ್' ಅಂತ ಇತ್ತು. ಓಎಸ್ ಅಂದರೆ ಎಡ. ಟಾರ್ಗೆಟ್ ಮುಗಿಸುವ ಅವಸರದಲ್ಲಿ ನಾನು ಅಸೆಸ್‌ಮೆಂಟ್ ಒಂದೇ ಓದಿ ಎಚ್16.012 ಹಾಕಿ ಕಳಿಸಿದೆ. ಎರಡು ವಾರದ ಮೇಲೆ ಆಡಿಟ್‌ನಲ್ಲಿ ಸಿಕ್ಕಿತು. ಅಷ್ಟರಲ್ಲಿ ವಿಮೆ ಕಂಪನಿಗೆ ಕ್ಲೈಮ್ ಹೋಗಿಯಾಗಿತ್ತು, ತಿದ್ದಿ ಮತ್ತೆ ಕಳಿಸಬೇಕಾಯಿತು. ದುಡ್ಡಿನ ವಿಷಯ ಬಿಡಿ. ಆ ಮನುಷ್ಯನ ದಾಖಲೆಯಲ್ಲಿ ಚೆನ್ನಾಗಿದ್ದ ಕಣ್ಣಿಗೆ ಹುಣ್ಣು ಅಂತ ನಾನು ಬರೆಸಿದ್ದೆ, ಅದು ನನಗೆ ತುಂಬಾ ದಿನ ಕಾಡಿತು. ಮುಂದೆ ಅವರನ್ನು ನೋಡುವ ಬೇರೆ ಡಾಕ್ಟರ್ ಓದುವುದೂ ಆ ದಾಖಲೆಯನ್ನೇ ಅಲ್ವಾ.

ಇಂಥ ಕಡೆ ನಾವೇ 'ಬಲ ಇರಬೇಕು' ಅಂತ ತಿದ್ದಿಕೊಳ್ಳುವ ಅಧಿಕಾರ ಕೂಡ ನಮಗಿಲ್ಲ. ಡಾಕ್ಟರ್‌ಗೆ ಕ್ವೆರಿ, ಅಂದರೆ ಬರೆದ ಪ್ರಶ್ನೆ, ಕಳಿಸಬೇಕು. ಕ್ವೆರಿಯಲ್ಲಿ ಉತ್ತರವನ್ನು ಅವರ ಬಾಯಿಗೆ ತುರುಕಬಾರದು. 'ಇದು ಬಲಗಣ್ಣು ಅಲ್ವಾ, ದಯವಿಟ್ಟು ತಿದ್ದಿ' ಅಂತ ಬರೆದರೆ ಅದು ತಪ್ಪು ಕ್ವೆರಿ. ನಾನು ಈಗ ಬರೆಯುವುದು ಹೀಗೆ: 'ರೋಗಿ ಹೇಳಿದ ನೋವು ಬಲಗಣ್ಣಿನದು, ಎಕ್ಸಾಮ್‌ನಲ್ಲಿ ಕಾರ್ನಿಯಾದ ಬಿಳಿ ಮಚ್ಚೆ ಬಲಗಣ್ಣಿನಲ್ಲಿ ನಮೂದಾಗಿದೆ, ಅಸೆಸ್‌ಮೆಂಟ್‌ನಲ್ಲಿ ಎಡಗಣ್ಣು ಎಂದಿದೆ. ಅಲ್ಸರ್ ಯಾವ ಕಣ್ಣಿನಲ್ಲಿದೆ ಎಂದು ಸ್ಪಷ್ಟಪಡಿಸಿ: ಬಲ, ಎಡ, ಎರಡೂ, ಬೇರೆ, ಹೇಳಲಾಗದು.' ಅಷ್ಟೇ, ಬೇರೆ ಒಂದು ಪದವೂ ಬೇಡ.

ನಿಮ್ಮ ಆಡಿಟ್ ಶೀಟ್‌ನಲ್ಲಿ ಇನ್ನೂ ಎರಡು ತಪ್ಪು ಇದೆ ಅಂದಿರಲ್ಲ, ರೋಗಿಯ ಹೆಸರು-ವಿವರ ಏನೂ ಹಾಕದೆ ಡಾಕ್ಟರ್ ಬರೆದ ಸಾಲಿನ ಪದಗಳನ್ನಷ್ಟೇ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.